ತೋಟದಲ್ಲಿ ಕೂತ ಯತಿ: ಯಡಿಯೂರು ಸಿದ್ಧಲಿಂಗೇಶ್ವರರ ಕಥೆ

ನಮ್ಮ ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಯಾವ ಕ್ಲಾಸಿನ ಅಟೆಂಡೆನ್ಸ್ ಲಿಸ್ಟ್ ತೆಗೆದು ನೋಡಿದರೂ ಕೆಲವು ಹೆಸರು ಇದ್ದೇ ಇರುತ್ತವೆ. ಸಿದ್ಧಲಿಂಗೇಶ, ಸಿದ್ಧಲಿಂಗಸ್ವಾಮಿ, ಚನ್ನಬಸವ. ಹೆಸರಿನಲ್ಲಿ ಇಲ್ಲದಿದ್ದರೆ ಅಪ್ಪನ ಹೆಸರಿನಲ್ಲಿ, ಅಲ್ಲೂ ಇಲ್ಲದಿದ್ದರೆ ಆಟೋ ಹಿಂದೆ, ಬೇಕರಿ ಬೋರ್ಡ್ ಮೇಲೆ, ಲಾರಿಯ ಹಣೆ ಮೇಲೆ. ಬೆಂಗಳೂರಿಂದ ಹಾಸನಕ್ಕೆ ಹೋಗೋ ಬಸ್ಸುಗಳು ಯಡಿಯೂರಿನಲ್ಲಿ ನಿಂತಾಗ ಜನ ಕಿಟಕಿಯಿಂದಲೇ ಕೈ ಮುಗಿಯೋದನ್ನು ನಾವೆಲ್ಲ ನೋಡಿದ್ದೇವೆ. ಆದರೆ ಆ ಹೆಸರಿನ ಹಿಂದೆ ಇರುವ ಮನುಷ್ಯ ಯಾರು, ಅವರು ಏನು ಮಾಡಿದರು ಅಂತ ಕೇಳಿದರೆ ಹೆಚ್ಚಿನ ಉತ್ತರ ಪವಾಡಗಳ ಹತ್ತಿರವೇ ನಿಂತುಬಿಡುತ್ತೆ.

ಪವಾಡದ ಕಥೆಗಳು ಇರಲಿ. ಅವುಗಳ ಜೊತೆಗೆ ಇನ್ನೊಂದು ಕೆಲಸ ಇದೆ. ಇವತ್ತು ಬಸವಣ್ಣ, ಅಲ್ಲಮ, ಅಕ್ಕಮಹಾದೇವಿಯ ವಚನಗಳನ್ನು ನಾವು ಓದುತ್ತಿದ್ದೇವೆ ಅಂದರೆ ಅದರಲ್ಲಿ ಈ ಯತಿಗೂ ಅವರ ಸುತ್ತ ಬೆಳೆದ ವಿರಕ್ತರ ಬಳಗಕ್ಕೂ ದೊಡ್ಡ ಪಾಲಿದೆ. ಆ ಕೆಲಸದ ಬಹುಭಾಗ ನಡೆದದ್ದು ನಮ್ಮ ಜಿಲ್ಲೆಯಲ್ಲೇ. ಈ ಸಂಚಿಕೆಗೆ ನಾವು ಅದನ್ನೇ ಬರೆಯೋಣ ಅಂತ ಆರಿಸಿಕೊಂಡೆವು.

ಕಲ್ಯಾಣ ಚದುರಿದ ಮೇಲೆ

ಕಥೆಯನ್ನು ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು. 12ನೇ ಶತಮಾನದಲ್ಲಿ ಕಲ್ಯಾಣದಲ್ಲಿ ಏನಾಯಿತು ಅನ್ನೋದು ಪಿಯುಸಿ ಕನ್ನಡದವರೆಗೂ ಬಂದವರಿಗೆ ಗೊತ್ತೇ ಇದೆ. ಚಮ್ಮಾರ, ಅಂಬಿಗ, ಅಕ್ಕಿ ಆಯುವವಳು, ಅರಸನ ಭಂಡಾರ ನೋಡಿಕೊಳ್ಳುವವನು, ಎಲ್ಲರೂ ಒಂದೇ ಕಡೆ ಸೇರಿ ಆಡುಮಾತಿನಲ್ಲಿ ವಚನ ಹೇಳಿದರು. ಅವರಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ಹೆಂಗಸರು. ಆಮೇಲೆ ಆ ಶತಮಾನ ಮುಗಿಯುವ ಮೊದಲೇ ಬಿಜ್ಜಳನ ಕಲ್ಯಾಣದಲ್ಲಿ ರಕ್ತಪಾತ ಆಯಿತು, ಶರಣರು ದಿಕ್ಕಾಪಾಲಾದರು.

ಇಲ್ಲಿ ಒಂದು ಪ್ರಾಕ್ಟಿಕಲ್ ಸಮಸ್ಯೆ ಇದೆ. ವಚನ ಅನ್ನೋದು ಮಾತು. ಅದಕ್ಕೆ ಷಟ್ಪದಿಯ ಹಾಗೆ ಛಂದಸ್ಸಿನ ಕಟ್ಟು ಇಲ್ಲ, ಒಂದು ಪದ ಬಿಟ್ಟು ಹೋದರೆ ಲೆಕ್ಕ ತಪ್ಪಿತು ಅಂತ ಹಿಡಿದು ಹೇಳುವ ವ್ಯವಸ್ಥೆ ಇಲ್ಲ. ಬರೆದಿಟ್ಟರೆ ತಾಳೆಗರಿ, ಅದಕ್ಕೆ ಗೆದ್ದಲು, ಬೆಂಕಿ, ತೇವ. ಪ್ರತಿ ಕೆಲವು ತಲೆಮಾರಿಗೊಮ್ಮೆ ಯಾರಾದರೂ ಕೂತು ಮತ್ತೆ ನಕಲು ಮಾಡಲೇಬೇಕು. ಮಾಡುವವರು ಇಲ್ಲ ಅಂದರೆ ಆ ಮಾತು ಅಲ್ಲಿಗೆ ಮುಗೀತು. ಬ್ಯಾಕಪ್ ಇಲ್ಲದ ಹಾರ್ಡ್ ಡಿಸ್ಕ್ ಇದ್ದ ಹಾಗೆ.

ಹೀಗೆ ಸುಮಾರು ಎರಡು ಶತಮಾನ ವಚನಗಳು ಚದುರಿಹೋಗಿದ್ದವು. 15ನೇ ಶತಮಾನದಲ್ಲಿ ವಿಜಯನಗರದ ಪ್ರೌಢದೇವರಾಯನ ಕಾಲಕ್ಕೆ ಪರಿಸ್ಥಿತಿ ತಿರುಗಿತು. ಅವನ ಮಂತ್ರಿಗಳಾದ ಲಕ್ಕಣ್ಣ ದಂಡೇಶ, ಜಕ್ಕಣಾರ್ಯ ಇಬ್ಬರೂ ಶರಣಧರ್ಮದ ಗ್ರಂಥಗಳನ್ನು ತಾವೇ ಬರೆದವರು. ನೂರೊಂದು ವಿರಕ್ತರು ಆ ಕಾಲದಲ್ಲಿ ವಚನಗಳನ್ನು ಹುಡುಕಿ, ಕೂಡಿಸಿ, ವ್ಯಾಖ್ಯಾನ ಬರೆದರು ಅನ್ನೋದು ಪರಂಪರೆಯ ಮಾತು. ಆದರೆ ಅರಮನೆಯ ಆಸಕ್ತಿ ಅರಸ ಇರೋವರೆಗೆ. ಪ್ರೌಢದೇವರಾಯ ತೀರಿಕೊಂಡದ್ದು 1446ರಲ್ಲಿ. ಅದಾದಮೇಲೆ ಈ ಕೆಲಸ ಯಾರ ಕೈಯಲ್ಲಿ? ಈ ಪ್ರಶ್ನೆಗೆ ಉತ್ತರವಾಗಿ ಬಂದವರು ತೋಂಟದ ಸಿದ್ಧಲಿಂಗರು.

ಹರದನಹಳ್ಳಿಯ ಹುಡುಗ

ಸಿದ್ಧಲಿಂಗರು ನಮ್ಮ ಜಿಲ್ಲೆಯಲ್ಲಿ ಹುಟ್ಟಿದವರಲ್ಲ. ಅವರ ಊರು ಈಗಿನ ಚಾಮರಾಜನಗರದ ಹತ್ತಿರದ ಹರದನಹಳ್ಳಿ. ತಂದೆ ಮಲ್ಲಿಕಾರ್ಜುನ, ತಾಯಿ ಜ್ಞಾನಾಂಬೆ ಅಂತ ಪುರಾಣಗಳು ಹೇಳುತ್ತವೆ. ಕಾಲ 15ನೇ ಶತಮಾನದ ಕೊನೆ ಮತ್ತು 16ನೇ ಶತಮಾನದ ಮೊದಲ ಭಾಗ. ಅಂದರೆ ಕೃಷ್ಣದೇವರಾಯನ ಆಸುಪಾಸಿನ ಕಾಲ. ಹಂಪಿಯಲ್ಲಿ ವಿಜಯನಗರ ತುತ್ತತುದಿಯಲ್ಲಿತ್ತು, ಗೋವೆಗೆ ಪೋರ್ಚುಗೀಸರು ಬಂದಾಗಿತ್ತು.

ಹರದನಹಳ್ಳಿ ಆಗ ಸಾಮಾನ್ಯ ಹಳ್ಳಿಯಲ್ಲ. ಅಲ್ಲಿ ಗೋಸಲ ಪೀಠದ ಮಠ ಇತ್ತು. ಅಲ್ಲಮಪ್ರಭುವಿನಿಂದ ಶುರುವಾಯಿತು ಅಂತ ನಂಬುವ ಶೂನ್ಯಸಿಂಹಾಸನದ ಗುರುಪರಂಪರೆಯನ್ನು ಈ ಮಠ ಮುಂದುವರಿಸುತ್ತಿತ್ತು. ಸಿದ್ಧಲಿಂಗರು ಹುಡುಗನಾಗಿದ್ದಾಗ ಆ ಪೀಠದಲ್ಲಿದ್ದವರು ಗೋಸಲ ಚನ್ನಬಸವೇಶ್ವರರು. ಹುಡುಗ ಅವರ ಕೈಯಿಂದಲೇ ದೀಕ್ಷೆ ಪಡೆದ, ಅವರ ಹತ್ತಿರವೇ ಓದಿದ. ಮುಂದೆ ಗುರುವಿನ ಜಾಗಕ್ಕೂ ಬಂದ.

ಪೀಠ ಸಿಕ್ಕ ಮೇಲೆ ಅಲ್ಲೇ ಕೂರಬಹುದಿತ್ತು. ಅವರು ಕೂರಲಿಲ್ಲ, ಹೊರಟರು. ಏಳುನೂರು ಮಂದಿ ಚರಮೂರ್ತಿಗಳು ಜೊತೆಗಿದ್ದರು ಅಂತ ಪುರಾಣಗಳು ಸಂಖ್ಯೆ ಕೊಡುತ್ತವೆ. ಸಂಖ್ಯೆ ಭಕ್ತಿಯ ಲೆಕ್ಕ ಇರಬಹುದು, ಆದರೆ ದೊಡ್ಡ ಗುಂಪೊಂದು ಊರಿಂದ ಊರಿಗೆ ನಡೆದುಕೊಂಡು ಹೋಗುತ್ತಿತ್ತು ಅನ್ನೋ ಚಿತ್ರ ಎಲ್ಲ ಕಥೆಗಳಲ್ಲೂ ಒಂದೇ.

ವಿರಕ್ತ ಅಂದ್ರೆ ಯಾರು?

ಇಲ್ಲಿ ಸ್ವಲ್ಪ ನಿಂತು ಈ ಗುಂಪಿನ ಬಗ್ಗೆ ಹೇಳಬೇಕು. ಲಿಂಗಾಯತ ಮಠಗಳಲ್ಲಿ ಎರಡು ರೀತಿ ಇವೆ. ಒಂದು ಗುರುಸ್ಥಲದ ಮಠ. ಅಲ್ಲಿಯ ಸ್ವಾಮಿಗಳು ದೀಕ್ಷೆ ಕೊಡುತ್ತಾರೆ, ಮದುವೆ-ಮುಂಜಿ, ಹುಟ್ಟು-ಸಾವಿನ ಕಾರ್ಯಗಳಲ್ಲಿ ಮನೆಗಳ ಜೊತೆ ಇರುತ್ತಾರೆ. ಇನ್ನೊಂದು ವಿರಕ್ತರದ್ದು. ವಿರಕ್ತ ಅಂದರೆ ಮನೆ, ಮದುವೆ, ಆಸ್ತಿ ಯಾವುದೂ ಬೇಡ ಅಂತ ಬಿಟ್ಟವನು. ಅವನು ಜಂಗಮ, ಅಂದರೆ ಚಲಿಸುವವನು. ಒಂದೇ ಕಡೆ ಬೇರು ಬಿಡಬಾರದು. ಭಿಕ್ಷೆಯಲ್ಲಿ ಬಂದದ್ದೇ ಊಟ. ದಿನಾ ಇಷ್ಟಲಿಂಗ ಪೂಜೆ, ಶಿವಾನುಭವದ ಮಾತು, ಹೋದ ಕಡೆ ಜನರಿಗೆ ವಚನ ಬಿಡಿಸಿ ಹೇಳೋದು. ಅವನ ಕೈಯಲ್ಲಿ ಇರೋ ಆಸ್ತಿ ಅಂದರೆ ತಾಳೆಗರಿ ಕಟ್ಟು ಮತ್ತು ತಲೆಯಲ್ಲಿ ಇರೋ ವಚನ.

ನಮ್ಮಲ್ಲಿ ಕಾನ್ವೆಂಟ್ ಸ್ಕೂಲಿನಲ್ಲಿ ಓದಿದವರು ತುಂಬ ಜನ ಇದ್ದಾರೆ. ಅವರಿಗೆ ಕ್ಯಾಥೊಲಿಕ್ ಸಂನ್ಯಾಸಿ ಸಂಘಗಳ ಪರಿಚಯ ಇದ್ದೇ ಇರುತ್ತೆ. ಬಡತನ, ಬ್ರಹ್ಮಚರ್ಯ, ವಿಧೇಯತೆ ಅನ್ನೋ ಮೂರು ಪ್ರತಿಜ್ಞೆ ಅವರದ್ದು. ಯೂರೋಪಿನಲ್ಲಿ ಬೆನೆಡಿಕ್ಟ್ ಸಂತನ ನಿಯಮ ಪಾಲಿಸುವ ಮಠವಾಸಿಗಳು ನೂರಾರು ವರ್ಷ ಕೂತು ಹಳೇ ಲ್ಯಾಟಿನ್ ಪುಸ್ತಕಗಳನ್ನು ಕೈಯಲ್ಲಿ ನಕಲು ಮಾಡಿದರು. ಅಸ್ಸಿಸಿಯ ಫ್ರಾನ್ಸಿಸ್ 13ನೇ ಶತಮಾನದಲ್ಲಿ ಮನೆ-ದುಡ್ಡು ಬಿಟ್ಟು ಬೀದಿಗೆ ಬಂದು, ಭಿಕ್ಷೆ ಬೇಡಿ ಜನರ ಭಾಷೆಯಲ್ಲಿ ಮಾತಾಡುವ ಸಂಘ ಕಟ್ಟಿದ. ಸಿದ್ಧಲಿಂಗರ ಕಾಲಕ್ಕೇ, 1540ರಲ್ಲಿ, ಇಗ್ನೇಷಿಯಸ್ ಲೊಯೋಲನ ಯೇಸುಸಭೆಗೆ ಪೋಪ್ ಒಪ್ಪಿಗೆ ಕೊಟ್ಟರು. ಅದೇ ಸಭೆಯ ಪಾದ್ರಿಗಳು 17ನೇ ಶತಮಾನದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡ ಕಲಿತು, ಇಲ್ಲಿಯ ಸಂನ್ಯಾಸಿಗಳ ಹಾಗೆ ಬಟ್ಟೆ ಉಟ್ಟು ಬದುಕಿದರು. ಈ ನೆಲದಲ್ಲಿ ಜನ ಯಾರ ಮಾತು ಕೇಳುತ್ತಾರೆ ಅಂತ ಅವರಿಗೆ ಅರ್ಥ ಆಗಿತ್ತು.

ಹೋಲಿಕೆ ಇರೋದು ಎಲ್ಲಿ ಅಂದರೆ, ಎಲ್ಲವನ್ನೂ ಬಿಟ್ಟ ಜನ ಒಟ್ಟಾಗಿ ಒಂದು ಸಂಪತ್ತನ್ನು ಹೊತ್ತು ಸಾಗಿಸಿದರು ಅನ್ನೋದರಲ್ಲಿ. ವ್ಯತ್ಯಾಸವೂ ಇದೆ. ಅಲ್ಲಿ ರೋಮ್ ಅನ್ನೋ ಒಂದು ಕೇಂದ್ರ ಇದೆ, ಮೇಲಿಂದ ಒಪ್ಪಿಗೆ ಬರಬೇಕು. ಇಲ್ಲಿ ಗುರುವಿನಿಂದ ಶಿಷ್ಯನಿಗೆ ದಾಟುವ ಸಾಲು ಮಾತ್ರ. ಇನ್ನೊಂದು ವ್ಯತ್ಯಾಸ ನಮಗೆ ಹೆಚ್ಚು ಕಾಡಿತು. ಯೂರೋಪಿನಲ್ಲಿ 15ನೇ ಶತಮಾನದ ನಡುವೆ ಗುಟೆನ್‌ಬರ್ಗ್‌ನ ಮುದ್ರಣಯಂತ್ರ ಬಂತು, ನಕಲು ಮಾಡುವ ಕಷ್ಟ ತಪ್ಪಿತು. ಕನ್ನಡಕ್ಕೆ ಅಚ್ಚು ಬರೋಕೆ 19ನೇ ಶತಮಾನ ಆಗಬೇಕಾಯಿತು. ಆ ಮುನ್ನೂರು ಚಿಲ್ಲರೆ ವರ್ಷ ಇಲ್ಲಿ ಮನುಷ್ಯರೇ ಯಂತ್ರ.

ಗುಬ್ಬಿ

ಗುಬ್ಬಿಗೂ ಸಿದ್ಧಲಿಂಗರಿಗೂ ಇರುವ ನಂಟು ಅವರ ಗುರುವಿನ ಮೂಲಕ. ಗೋಸಲ ಚನ್ನಬಸವೇಶ್ವರರ ಗದ್ದುಗೆ ಇರೋದು ಗುಬ್ಬಿಯಲ್ಲಿ. ಇವತ್ತು ಊರಿನ ದೊಡ್ಡ ಜಾತ್ರೆ ನಡೆಯೋದು ಅವರ ಹೆಸರಲ್ಲಿ. ಗುಬ್ಬಿ ವೀರಣ್ಣನವರ ಹೆಸರಿಂದ ನಾವೆಲ್ಲ ಕರೆಯುವ ನಾಟಕ ಕಂಪನಿ 1884ರಲ್ಲಿ ಶುರುವಾದಾಗ ಹೊತ್ತದ್ದೂ ಚನ್ನಬಸವೇಶ್ವರರ ಹೆಸರನ್ನೇ. ಅಲ್ಲಿಯ ಇಂಜಿನಿಯರಿಂಗ್ ಕಾಲೇಜಿಗೂ ಅದೇ ಹೆಸರು. ಲ್ಯಾಬ್ ರೆಕಾರ್ಡ್ ಮೇಲೆ ಆ ಹೆಸರು ಬರೆಯುವ ಗೆಳೆಯರಿಗೆ ಇದು ಒಂದು ಕೊಂಡಿ: ನಿಮ್ಮ ಕಾಲೇಜಿನ ಹೆಸರು ಯಡಿಯೂರು ಸಿದ್ಧಲಿಂಗರ ಮೇಷ್ಟ್ರ ಹೆಸರು.

ಅದೇ ಕಾಲಕ್ಕೆ ಗುಬ್ಬಿ ಸಾಹಿತ್ಯದ ಊರೂ ಆಗಿತ್ತು. ಗುಬ್ಬಿಯ ಮಲ್ಲಣಾರ್ಯ 1513ರಲ್ಲಿ ಭಾವಚಿಂತಾರತ್ನವನ್ನೂ 1530ರಲ್ಲಿ ವೀರಶೈವಾಮೃತ ಪುರಾಣವನ್ನೂ ಬರೆದ. ಅಂದರೆ ಸಿದ್ಧಲಿಂಗರು ಈ ಕಡೆ ಬಂದಾಗ ಇದು ಬರಡು ಜಾಗ ಆಗಿರಲಿಲ್ಲ. ಓದು-ಬರಹ ಗೊತ್ತಿದ್ದ, ಶರಣರ ಕಥೆ ಕೇಳುವ ಜನ, ಕವಿಗಳಿಗೆ ಊಟ ಹಾಕುವ ಮನೆಗಳು ಇಲ್ಲಿ ಆಗಲೇ ಇದ್ದವು. ಒಬ್ಬ ದೊಡ್ಡ ಮನುಷ್ಯ ಎಲ್ಲಿ ನೆಲೆ ನಿಲ್ಲುತ್ತಾನೆ ಅನ್ನೋದಕ್ಕೆ ಬರೀ ದೈವೇಚ್ಛೆ ಸಾಲದು, ಸುತ್ತಲಿನ ಊರೂ ಬೇಕು.

ಕಗ್ಗೆರೆಯ ತೋಟ

ಸಂಚಾರ ಮಾಡುತ್ತ ಸಿದ್ಧಲಿಂಗರು ಕುಣಿಗಲ್ ಸೀಮೆಯ ಕಗ್ಗೆರೆಗೆ ಬಂದರು. ನಾಗಿನಿ ನದಿಯ ದಂಡೆ. ಅಲ್ಲಿ ಒಂದು ತೋಟದಲ್ಲಿ ಶಿವಯೋಗಕ್ಕೆ ಕೂತರು. ಎಷ್ಟು ದಿನ ಅಂದರೆ, ಅವರ ಮೈ ಮೇಲೆ ಹುತ್ತ ಬೆಳೆಯಿತು ಅನ್ನುತ್ತೆ ಐತಿಹ್ಯ. ಭಕ್ತನೊಬ್ಬನ ಹಸು ದಿನಾ ಬಂದು ಆ ಹುತ್ತದ ಮೇಲೆ ಹಾಲು ಸುರಿಸುತ್ತಿತ್ತು. ಮನೆಯಲ್ಲಿ ಹಾಲು ಕೊಡದ ಹಸು ಎಲ್ಲಿಗೆ ಹೋಗುತ್ತೆ ಅಂತ ಹಿಂಬಾಲಿಸಿ ಬಂದವನಿಗೆ ಒಳಗೆ ಯತಿ ಇರೋದು ತಿಳಿಯಿತು. ಹಾಲು ಸುರಿದು ಹುತ್ತ ಕರಗಿಸಿದ ಮೇಲೆ ಯತಿ ಕಣ್ಣು ಬಿಟ್ಟರು. ತೋಟದಲ್ಲಿ ಕೂತವರಾದ್ದರಿಂದ ತೋಂಟದ ಸಿದ್ಧಲಿಂಗರು ಅನ್ನೋ ಹೆಸರು ಬಂತು.

ಹುತ್ತ, ಹಸು, ಹಾಲು: ಈ ಕಥೆ ನಮ್ಮ ನಾಡಿನ ಎಷ್ಟೋ ದೇವಸ್ಥಾನಗಳಿಗೆ ಇದೆ. ಹಾಗಾಗಿ ಇದನ್ನು ನಡೆದ ಘಟನೆಯ ವರದಿ ಅಂತ ಓದುವ ಅಗತ್ಯ ಇಲ್ಲ. ಆದರೆ ಕಥೆ ಹೇಳುತ್ತಿರೋ ವಿಷಯ ಬೇರೆ ಇದೆ. ನಡೆಯೋದೇ ವ್ರತ ಆಗಿದ್ದ ಮನುಷ್ಯ ಇಲ್ಲಿ ನಿಂತ. ಏಳುನೂರು ಜನರ ಮುಂದೆ ನಡೆಯುತ್ತಿದ್ದವನು ಒಬ್ಬನೇ ಕೂತ. ಕೂತದ್ದು ಅರಮನೆ ಹತ್ತಿರ ಅಲ್ಲ, ದೊಡ್ಡ ಕ್ಷೇತ್ರದಲ್ಲೂ ಅಲ್ಲ, ರೈತನ ತೋಟದಲ್ಲಿ. ಅವನನ್ನು ಮೊದಲು ಕಂಡದ್ದು ದನ ಕಾಯುವವನು. ಹಂಪಿಯಂಥ ರಾಜಧಾನಿ ಇದ್ದ ಕಾಲದಲ್ಲಿ ಜನ ಇಟ್ಟುಕೊಂಡ ನೆನಪು ಇದು.

ಶಿವಯೋಗ ಅಂದರೆ ಏನು ಅನ್ನೋದು ಕೂಡ ಸರಳವಾಗಿ ಹೇಳಬಹುದು. ಗುರು ಕೊಟ್ಟ ಇಷ್ಟಲಿಂಗವನ್ನು ಎಡಗೈಯ ಅಂಗೈ ಮೇಲೆ ಇಟ್ಟುಕೊಂಡು, ರೆಪ್ಪೆ ಅಲುಗಿಸದ ಹಾಗೆ ಅದನ್ನೇ ನೋಡುತ್ತ, ಉಸಿರನ್ನೂ ಮನಸ್ಸನ್ನೂ ಒಂದೇ ಕಡೆ ತರೋದು. ಇದಕ್ಕೆ ಗುಡಿ ಬೇಡ, ಪೂಜಾರಿ ಬೇಡ. ದೇವರು ಕೈಯಲ್ಲೇ ಇದ್ದಾನೆ, ನೋಡುವವನೂ ನೋಡಿಸಿಕೊಳ್ಳುವವನೂ ಬೇರೆ ಬೇರೆ ಅಲ್ಲ ಅನ್ನೋದು ಇದರ ಹಿಂದಿನ ನಂಬಿಕೆ.

ಆರು ಮೆಟ್ಟಿಲು, ಏಳುನೂರ ಒಂದು ವಚನ

ಕೂತು ಎದ್ದ ಯತಿ ಮಾತಾಡಿದರು. ಅವರ ವಚನಗಳ ಸಂಗ್ರಹಕ್ಕೆ ಷಟ್‌ಸ್ಥಲ ಜ್ಞಾನಸಾರಾಮೃತ ಅಂತ ಹೆಸರು, ಒಟ್ಟು 701 ವಚನ. ಅಂಕಿತ ಮಹಾಲಿಂಗಗುರು ಶಿವಸಿದ್ಧೇಶ್ವರ ಪ್ರಭು. ಹನ್ನೆರಡನೇ ಶತಮಾನದ ನಂತರ ಹೊಸದಾಗಿ ವಚನ ಬರೆದವರು ತುಂಬ ಕಡಿಮೆ. ಇದ್ದದ್ದನ್ನು ಕೂಡಿಸುವ ಕೆಲಸ ನಡೆದಿತ್ತು, ಆದರೆ ವಚನವೇ ಮತ್ತೆ ಹುಟ್ಟಿದ್ದು ಇವರ ಕಾಲದಲ್ಲಿ. ಇವರ ಹಿಂದೆಯೇ ಸ್ವತಂತ್ರ ಸಿದ್ಧಲಿಂಗ, ಘನಲಿಂಗಿದೇವ ಮೊದಲಾದವರು ಬಂದರು.

ಷಟ್‌ಸ್ಥಲ ಅನ್ನೋದು ಇಡೀ ಪರಂಪರೆಯ ಬೆನ್ನೆಲುಬು. ಮನುಷ್ಯ ದೇವರ ಕಡೆ ಹೋಗುವ ದಾರಿಯಲ್ಲಿ ಆರು ಹಂತ ಇವೆ. ಮೊದಲನೆಯದು ಭಕ್ತ: ಶ್ರದ್ಧೆ ಇದೆ, ದುಡಿದು ಹಂಚಿಕೊಂಡು ತಿನ್ನುತ್ತಾನೆ. ಎರಡನೆಯದು ಮಾಹೇಶ್ವರ: ನಂಬಿದ್ದರಲ್ಲಿ ಗಟ್ಟಿ ನಿಲ್ಲುತ್ತಾನೆ, ಕಷ್ಟ ಬಂದರೂ ಬಿಡೋದಿಲ್ಲ. ಮೂರನೆಯದು ಪ್ರಸಾದಿ: ಬಂದದ್ದನ್ನೆಲ್ಲ ಪ್ರಸಾದ ಅಂತ ತಗೋತಾನೆ. ನಾಲ್ಕನೆಯದು ಪ್ರಾಣಲಿಂಗಿ: ಹೊರಗಿನ ಲಿಂಗ ಒಳಗಿನ ಉಸಿರಾಗುತ್ತೆ. ಐದನೆಯದು ಶರಣ: ತನ್ನದು ಅನ್ನೋದು ಉಳಿಯೋದಿಲ್ಲ. ಆರನೆಯದು ಐಕ್ಯ: ಎರಡು ಇಲ್ಲ, ಒಂದೇ. ಪ್ರತಿ ಹಂತದ ಒಳಗೂ ಮತ್ತೆ ಆರು ಹಂತ, ಹಾಗೆ 36, ಅದರೊಳಗೆ ಮತ್ತೆ ಬಿಡಿಸಿದರೆ 216. ಇದರ ಜೊತೆಗೆ ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರ ಅನ್ನೋ ಎಂಟು ಆವರಣಗಳು ರಕ್ಷಾಕವಚದ ಹಾಗೆ.

ಈ ಲೆಕ್ಕಾಚಾರ ನೋಡಿದರೆ ನಮ್ಮಂಥವರಿಗೆ ಮೊದಲು ಅನ್ನಿಸೋದು ಇದು ಸಿಲೆಬಸ್ ಇದ್ದ ಹಾಗಿದೆಯಲ್ಲ ಅಂತ. ಒಂದು ರೀತಿಯಲ್ಲಿ ಹೌದು. ಷಟ್‌ಸ್ಥಲವನ್ನು ಸಿದ್ಧಲಿಂಗರು ಹೊಸದಾಗಿ ಕಂಡುಹಿಡಿದದ್ದಲ್ಲ, ಚನ್ನಬಸವಣ್ಣನ ಕಾಲದಿಂದಲೂ ಇದೆ. ಆದರೆ ಮುಂದೆ ಬರುವವರು ಕಲಿಯೋ ಹಾಗೆ ಅದನ್ನು ಮೊದಲಿನಿಂದ ಕೊನೆವರೆಗೆ ಒಂದು ಕ್ರಮದಲ್ಲಿ ಇಟ್ಟು, ಪ್ರತಿ ಸ್ಥಲಕ್ಕೂ ವಚನ ಬರೆದು ಕೊಟ್ಟರು. ಊರೂರು ಅಲೆಯುವ ಏಳುನೂರು ಮಂದಿಗೆ ಒಂದೇ ಪಾಠ ಬೇಕಿತ್ತು. ಇಲ್ಲದಿದ್ದರೆ ಒಬ್ಬೊಬ್ಬರು ಒಂದೊಂದು ಹೇಳಿ ಕೆಲವೇ ತಲೆಮಾರಿನಲ್ಲಿ ಎಲ್ಲ ಕಲಸಿಹೋಗುತ್ತಿತ್ತು.

ಗೂಳೂರು ಮತ್ತು ನಾಲ್ಕನೇ ವರ್ಷನ್

ತುಮಕೂರಿನಲ್ಲಿ ಓದುವವರಿಗೆ ಗೂಳೂರು ಅಂದರೆ ದೊಡ್ಡ ಗಣಪತಿ. ಆದರೆ ಕನ್ನಡ ಸಾಹಿತ್ಯ ಓದಿದವರಿಗೆ ಗೂಳೂರು ಅಂದರೆ ಶೂನ್ಯಸಂಪಾದನೆ. ಅದರ ಕರ್ತೃ ಗೂಳೂರು ಸಿದ್ಧವೀರಣ್ಣೊಡೆಯ ತೋಂಟದ ಸಿದ್ಧಲಿಂಗರ ಶಿಷ್ಯ ಪರಂಪರೆಯವನು.

ಶೂನ್ಯಸಂಪಾದನೆ ವಿಚಿತ್ರವಾದ ಪುಸ್ತಕ. ಬರೆದವನ ಮಾತು ಅದರಲ್ಲಿ ಕಡಿಮೆ. ಬಸವಣ್ಣ, ಅಕ್ಕ, ಸಿದ್ಧರಾಮ, ಮುಕ್ತಾಯಕ್ಕ, ಆಯ್ದಕ್ಕಿ ಲಕ್ಕಮ್ಮ ಎಲ್ಲರ ವಚನಗಳನ್ನೂ ಅಲ್ಲಮಪ್ರಭುವಿನ ಜೊತೆ ನಡೆಸಿದ ಸಂಭಾಷಣೆಯ ಹಾಗೆ ಜೋಡಿಸಿದ್ದಾರೆ. ಬಿಡಿ ಬಿಡಿ ವಚನಗಳು ನಾಟಕ ಆಗಿಬಿಡುತ್ತವೆ. ಇಂಥದ್ದು ನಾಲ್ಕು ಇವೆ. ಮೊದಲನೆಯದು ಶಿವಗಣಪ್ರಸಾದಿ ಮಹಾದೇವಯ್ಯನದು, ಎರಡನೆಯದು ಹಲಗೆಯಾರ್ಯನದು, ಮೂರನೆಯದು ಗುಮ್ಮಳಾಪುರದ ಸಿದ್ಧಲಿಂಗಯತಿಯದು, ನಾಲ್ಕನೆಯದು ಗೂಳೂರಿನದು. ಕೊನೆಯ ಎರಡೂ ತೋಂಟದ ಸಿದ್ಧಲಿಂಗರ ಬಳಗದಲ್ಲೇ ಹುಟ್ಟಿದವು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ 1965ರಿಂದ ಐದು ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದದ್ದು ಈ ಗೂಳೂರಿನ ಶೂನ್ಯಸಂಪಾದನೆಯನ್ನೇ. ಅಂದರೆ ಹೊರಜಗತ್ತು ಅಲ್ಲಮನನ್ನು ನೋಡಿದ ಕಿಟಕಿಗಳಲ್ಲಿ ಒಂದು ತುಮಕೂರಿನ ಪಕ್ಕದ ಹಳ್ಳಿಯದು.

ಕೋಡ್ ಬರೆಯುವವರಿಗೆ ವರ್ಷನ್ ಒನ್, ವರ್ಷನ್ ಟೂ ಅಂದರೆ ತಕ್ಷಣ ಒಂದು ಪ್ರಶ್ನೆ ಬರುತ್ತೆ: ಏನು ಬದಲಾಯಿಸಿದರು? ಇಲ್ಲಿ ಬದಲಾದದ್ದು ಸಣ್ಣ ವಿಷಯ ಅಲ್ಲ. ಸೊನ್ನಲಿಗೆಯ ಸಿದ್ಧರಾಮ ಕೆರೆ ಕಟ್ಟಿಸಿದ, ಗುಡಿ ಕಟ್ಟಿಸಿದ ಕರ್ಮಯೋಗಿ. ಅವನು ಅಲ್ಲಮನ ಜೊತೆ ಕಲ್ಯಾಣಕ್ಕೆ ಬರುತ್ತಾನೆ. ಮೊದಲ ಶೂನ್ಯಸಂಪಾದನೆಯಲ್ಲಿ ಅವನಿಗೆ ಇಷ್ಟಲಿಂಗ ದೀಕ್ಷೆ ಆಗುವ ಪ್ರಸಂಗ ಇಲ್ಲ. ಅರಿವು ಬಂದವನಿಗೆ ಮತ್ತೆ ಕುರುಹು ಯಾಕೆ ಅನ್ನೋ ಹಾಗೆ. ಸಿದ್ಧಲಿಂಗರ ಬಳಗದ ಆವೃತ್ತಿಗಳಲ್ಲಿ ಚನ್ನಬಸವಣ್ಣನ ಕೈಯಿಂದ ಸಿದ್ಧರಾಮನಿಗೆ ದೀಕ್ಷೆ ಆಗುತ್ತೆ, ಅದಕ್ಕೆ ವಿಸ್ತಾರವಾದ ಜಾಗವೂ ಸಿಗುತ್ತೆ.

ಉಳಿದದ್ದೇನು, ಬದಲಾದದ್ದೇನು

ಇದನ್ನು ಓದಿದ ಮೇಲೆ ನಮ್ಮ ಕ್ಲಬ್ಬಿನಲ್ಲಿ ಎರಡು ಗುಂಪಾಯಿತು. ಒಂದು ಗುಂಪಿನ ವಾದ ಹೀಗೆ: ಹನ್ನೆರಡನೇ ಶತಮಾನದ ವಚನದ ಶಕ್ತಿ ಇದ್ದದ್ದೇ ಅದು ಯಾವ ಚೌಕಟ್ಟಿಗೂ ಸಿಗದೇ ಇದ್ದದ್ದರಲ್ಲಿ. ಅಂಬಿಗರ ಚೌಡಯ್ಯ ಬೈದ ಹಾಗೆ ಬೈಯೋಕೆ ಯಾವ ಸ್ಥಲವೂ ಬೇಕಾಗಿರಲಿಲ್ಲ. ಅದನ್ನು ತಂದು ಆರು ಮೆಟ್ಟಿಲಲ್ಲಿ, 216 ಖಾನೆಯಲ್ಲಿ ಕೂರಿಸಿದಾಗ ಬಿಸಿ ಆರಿತು. ಕುಲವನ್ನು ಕೇಳುತ್ತಿದ್ದ ಪ್ರಶ್ನೆ ಹಿಂದೆ ಸರಿದು ಸಾಧನೆಯ ಶಾಸ್ತ್ರ ಮುಂದೆ ಬಂತು. ಸಿದ್ಧಲಿಂಗರ ಜೊತೆ ನಡೆದ ಏಳುನೂರು ವಿರಕ್ತರ ಚಿತ್ರದಲ್ಲಿ ಸತ್ಯಕ್ಕ, ಲಕ್ಕಮ್ಮರಂಥ ಹೆಂಗಸರಿಗೆ ಜಾಗ ಕಾಣೋದಿಲ್ಲ.

ಇನ್ನೊಂದು ಗುಂಪಿನ ಉತ್ತರ: ಚೌಡಯ್ಯನ ಬೈಗುಳ ಇವತ್ತು ನಮ್ಮ ಕೈಗೆ ಸಿಕ್ಕಿದ್ದಾದರೂ ಹೇಗೆ? ಯಾರೋ ನಕಲು ಮಾಡಿದ್ದರಿಂದ. ಸೂಳೆ ಸಂಕವ್ವನ ಹೆಸರಲ್ಲಿ ಸಿಕ್ಕಿರೋದು ಒಂದೇ ಒಂದು ವಚನ. ಅದು ಹಾಸ್ಯಕ್ಕೂ ಅಲ್ಲ, ದಾನಕ್ಕೂ ಅಲ್ಲ, ಒಂದು ಕ್ರಮದಲ್ಲಿ ವಚನ ಉಳಿಸಬೇಕು ಅಂತ ಹಠ ಹಿಡಿದ ಜನರಿಂದ ಉಳಿದದ್ದು. ಬೆಂಕಿ ಹಚ್ಚುವವನು ಬೇರೆ, ಕೆಂಡ ಮುಚ್ಚಿಟ್ಟು ಬೆಳಗಿನವರೆಗೂ ಕಾಯುವವನು ಬೇರೆ. ಎರಡನೆಯವನ ಮೇಲೆ ಬೂದಿ ಇದೆ ಅಂತ ಅವನನ್ನು ದೂರೋದು ಸರಿಯಲ್ಲ.

ನಮಗೆ ಎರಡೂ ನಿಜ ಅನ್ನಿಸುತ್ತೆ. ಕಾಪಾಡುವವರು ತಾವು ಕಾಪಾಡುವ ವಸ್ತುವನ್ನು ಸ್ವಲ್ಪವಾದರೂ ತಮ್ಮ ಅಳತೆಗೆ ತಿದ್ದುತ್ತಾರೆ. ಸಿದ್ಧರಾಮನ ದೀಕ್ಷೆ ಅದಕ್ಕೆ ಸಾಕ್ಷಿ. ಆದರೂ ಅವರು ಹಳೇ ವರ್ಷನ್‌ಗಳನ್ನು ಸುಡಲಿಲ್ಲ. ನಾಲ್ಕೂ ಉಳಿದಿವೆ, ಅದಕ್ಕೇ ಇವತ್ತು ಪಕ್ಕಪಕ್ಕ ಇಟ್ಟು ವ್ಯತ್ಯಾಸ ಹೇಳೋಕೆ ಆಗುತ್ತೆ. ಸಿದ್ಧಲಿಂಗರ ಬಳಗವನ್ನು ಅಳೆಯೋದಾದರೆ ಇದನ್ನೂ ಲೆಕ್ಕಕ್ಕೆ ತಗೋಬೇಕು.

ಯಡಿಯೂರು

ಕೊನೆಗಾಲಕ್ಕೆ ಸಿದ್ಧಲಿಂಗರು ಕಗ್ಗೆರೆಯಿಂದ ಹೆಚ್ಚು ದೂರ ಇಲ್ಲದ ಯಡಿಯೂರಿಗೆ ಬಂದರು. ಅಲ್ಲೇ ಶಿವಯೋಗದಲ್ಲಿ ಕೂತು ಸಮಾಧಿಯಾದರು. ಲಿಂಗಾಯತರಲ್ಲಿ ದೇಹವನ್ನು ಸುಡುವುದಿಲ್ಲ, ಕೂತ ಭಂಗಿಯಲ್ಲಿ ಮಣ್ಣು ಮಾಡುತ್ತಾರೆ. ದೊಡ್ಡವರ ಸಮಾಧಿಯ ಮೇಲೆ ಗದ್ದುಗೆ ಆಗುತ್ತೆ. ಯಡಿಯೂರಿನ ದೇವಸ್ಥಾನದ ಗರ್ಭಗುಡಿಯಲ್ಲಿ ಇರೋದು ಆ ಗದ್ದುಗೆ. ಸಿದ್ಧಲಿಂಗರು ಜೀವಂತವಾಗಿಯೇ ಸಮಾಧಿಗೆ ಹೋದರು, ಈಗಲೂ ಒಳಗೆ ಯೋಗದಲ್ಲೇ ಇದ್ದಾರೆ ಅನ್ನೋದು ಭಕ್ತರ ನಂಬಿಕೆ. ಕಿಟಕಿಯಿಂದ ಕೈ ಮುಗಿಯುವವರು ಕೈ ಮುಗಿಯೋದು ಸತ್ತವರಿಗೆ ಅಲ್ಲ, ಕೂತವರಿಗೆ.

ಅವರ ನಂತರ ಶಿಷ್ಯ ಬೋಳಬಸವೇಶ್ವರರು ಪರಂಪರೆ ನಡೆಸಿದರು. 16ನೇ ಶತಮಾನದ ನಡುವೆಯೇ ಸಿದ್ಧಲಿಂಗರ ಜೀವನ ಕಾವ್ಯ ಆಯಿತು. ಅದನ್ನು ಬರೆದವರಲ್ಲಿ ಒಬ್ಬ ವಿರಕ್ತ ತೋಂಟದಾರ್ಯ. ಇವನೇ ಕರ್ಣಾಟಕ ಶಬ್ದಮಂಜರಿ ಅನ್ನೋ ನಿಘಂಟನ್ನೂ ಬರೆದವನು. ಒಬ್ಬ ಸಂನ್ಯಾಸಿ ಗುರುವಿನ ಕಥೆ ಬರೆದು, ಪಕ್ಕದಲ್ಲೇ ಕನ್ನಡ ಪದಗಳ ಅರ್ಥದ ಪಟ್ಟಿಯನ್ನೂ ಮಾಡುತ್ತಾನೆ ಅಂದರೆ ಆ ಬಳಗಕ್ಕೆ ಭಾಷೆ ಎಷ್ಟು ಮುಖ್ಯ ಆಗಿತ್ತು ಅನ್ನೋದು ಗೊತ್ತಾಗುತ್ತೆ.

ವಿರಕ್ತರ ಬಳಗ ಮುಂದೆ ದೊಡ್ಡದಾಗಿ ಹರಡಿ ಸಮಯಗಳಾಗಿ ಕವಲೊಡೆಯಿತು: ಮುರಿಗೆ, ಚೀಲಾಳ, ಕುಮಾರ, ಕೆಂಪಿನ. ನಡೆಯೋದೇ ವ್ರತ ಆಗಿದ್ದವರಿಗೂ ಕಾಲ ಕಳೆದಂತೆ ಮಠ, ಜಮೀನು, ದಾಸೋಹದ ಮನೆ ಬಂದವು. ಇದೂ ಕ್ಯಾಥೊಲಿಕ್ ಸಂಘಗಳ ಕಥೆಯ ಹಾಗೇ. ಫ್ರಾನ್ಸಿಸ್ ಕಣ್ಣು ಮುಚ್ಚಿದ ಮೇಲೆ ಅವನ ಶಿಷ್ಯರಲ್ಲಿ ಆಸ್ತಿ ಇರಬೇಕೋ ಬೇಡವೋ ಅಂತ ದೊಡ್ಡ ಜಗಳವೇ ನಡೆಯಿತು. ಬಿಟ್ಟವರ ಸಂಘಕ್ಕೆ ಇಟ್ಟುಕೊಳ್ಳುವ ಸಮಸ್ಯೆ ಎಲ್ಲ ಕಡೆಯೂ ಬಂದಿದೆ.

ಇವತ್ತು

ತುಮಕೂರಿನ ಸಿದ್ಧಗಂಗಾ ಮಠ ತನ್ನ ಮೂಲವನ್ನು ಗೋಸಲ ಸಿದ್ಧೇಶ್ವರರಿಗೆ ಜೋಡಿಸುತ್ತೆ. ಅದೇ ಹರದನಹಳ್ಳಿ ಗುರುಸಾಲಿನಲ್ಲಿ ಸಿದ್ಧಲಿಂಗರಿಗಿಂತ ಮೊದಲು ಬಂದ ಯತಿ ಅವರು. ಬೆಟ್ಟದ ಮೇಲೆ ಬಾಯಾರಿದವರಿಗಾಗಿ ಬಂಡೆಯಿಂದ ಗಂಗೆ ಬರಿಸಿದರು ಅನ್ನೋ ಐತಿಹ್ಯದಿಂದ ಜಾಗಕ್ಕೆ ಆ ಹೆಸರು. ಅಲ್ಲಿ 1941ರಲ್ಲಿ ಪೀಠಕ್ಕೆ ಬಂದ ಶಿವಕುಮಾರ ಸ್ವಾಮೀಜಿ 2019ರ ಜನವರಿ 21ರವರೆಗೆ ಇದ್ದರು. ಜಾತಿ-ಮತ ಕೇಳದೆ ಸಾವಿರಾರು ಮಕ್ಕಳಿಗೆ ದಿನಾ ಊಟ, ಓದು. 1963ರಲ್ಲಿ ಶುರುವಾದ ಸಿದ್ಧಗಂಗಾ ತಾಂತ್ರಿಕ ಕಾಲೇಜು ಕೂಡ ಅದೇ ಮಠದ ವಿದ್ಯಾಸಂಸ್ಥೆಯದು. ಉತ್ತರದಲ್ಲಿ ಗದಗಿನ ತೋಂಟದಾರ್ಯ ಮಠ ಸಿದ್ಧಲಿಂಗರ ಹೆಸರನ್ನೇ ಹೊತ್ತಿದೆ, ಪುಸ್ತಕ ಪ್ರಕಟಿಸುವ ಕೆಲಸವನ್ನು ಅಲ್ಲಿಯೂ ಬಿಟ್ಟಿಲ್ಲ.

ತಾಳೆಗರಿಗಳ ಕಥೆಗೂ ಒಂದು ಮುಂದುವರಿಕೆ ಇದೆ. ವಿಜಯಪುರದ ವಕೀಲ ಫ.ಗು. ಹಳಕಟ್ಟಿ ಮನೆ ಮನೆ, ಮಠ ಮಠ ತಿರುಗಿ ಓಲೆಗರಿ ಹುಡುಕಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಅಚ್ಚು ಹಾಕಿಸಿದರು. ಅವರಿಗೆ ಹುಡುಕೋಕೆ ಓಲೆಗರಿ ಸಿಕ್ಕಿದ್ದು, ಅದಕ್ಕೂ ಮೊದಲು ನಾನೂರು ವರ್ಷ ಯಾರೋ ಬಿಡದೆ ನಕಲು ಮಾಡುತ್ತ ಬಂದಿದ್ದರಿಂದ. ಈಗ ನಾವು ಫೋನಿನಲ್ಲಿ ಎರಡು ಪದ ಟೈಪ್ ಮಾಡಿದರೆ ವಚನ ಬರುತ್ತೆ. ಆ ಸಾಲಿನ ಹಿಂದೆ ಅಚ್ಚಿನ ಮೊಳೆ ಇದೆ, ಮೊಳೆಯ ಹಿಂದೆ ಕಂಠ ಹಿಡಿದು ಗರಿ ಕೊರೆದ ಕೈ ಇದೆ.

ಯಡಿಯೂರಿನ ಹತ್ತಿರ ಮಾರ್ಕೋನಹಳ್ಳಿ ಡ್ಯಾಮ್ ಇದೆ. ಸಿವಿಲ್ ಬ್ರಾಂಚಿನವರು ಅದರ ಸ್ವಯಂಚಾಲಿತ ಸೈಫನ್ ನೋಡೋಕೆ ಹೋಗೇ ಹೋಗುತ್ತೀರಿ. ಹೋದಾಗ ದೇವಸ್ಥಾನಕ್ಕೂ ಹೋಗಿ, ದಾಸೋಹದಲ್ಲಿ ಊಟ ಮಾಡಿ, ಸಮಯ ಇದ್ದರೆ ಕಗ್ಗೆರೆಗೂ ಹೋಗಿ ನಾಗಿನಿ ದಂಡೆ ನೋಡಿ. ವಾಪಸ್ ಬಂದ ಮೇಲೆ ಲೈಬ್ರರಿಯಲ್ಲಿ 701 ವಚನಗಳಲ್ಲಿ ಹತ್ತನ್ನಾದರೂ ಓದಿ. ಮೊದಲ ಓದಿಗೆ ಕಷ್ಟ ಅನ್ನಿಸುತ್ತವೆ, ಪದಗಳು ಹಳೆಯವು. ಅದಕ್ಕೆ ಪಕ್ಕದಲ್ಲಿ ನಿಘಂಟು ಇಟ್ಟುಕೊಳ್ಳಿ. ಆ ಬಳಗದವನೊಬ್ಬ ನಮಗಿಂತ ಮುಂಚೆಯೇ ಅದನ್ನೂ ಯೋಚಿಸಿದ್ದ.